ತೆಂಗ್ವಾರ್ ಲಿಪಿ: ‘ಅನರ್’ ಅಂತ ಬರೆದರೆ ‘ನರ’ ಅಂತ ಓದಿಸುತ್ತಿದೆ, ಅಂಗಡಿಯಲ್ಲಿ ಬರೀ ಅಂಕಿ ಬರುತ್ತಿದೆ

ಬೆಳ್ದಿಂಗಳು:
ಎಲ್ಲರಿಗೂ ನಮಸ್ಕಾರ. ನನ್ನ ಅವಳಿ ಮಕ್ಕಳ ಕೋಣೆಗೆ ಎರಡು ಮರದ ಹಲಗೆ ಮಾಡಿಸುತ್ತಿದ್ದೇನೆ. ಒಂದರಲ್ಲಿ ‘ಅನರ್’, ಇನ್ನೊಂದರಲ್ಲಿ ‘ಇಸಿಲ್’. ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ಬರೆದ ಟೋಲ್ಕಿನ್ ಕಟ್ಟಿದ ಎಲ್ಫ್‌ಗಳ ಭಾಷೆ ಕ್ವೆನ್ಯದಲ್ಲಿ ಸೂರ್ಯ ಮತ್ತು ಚಂದ್ರ. ಆನ್‌ಲೈನ್‌ನಲ್ಲಿ ಲಿಪಿ ಬದಲಿಸುವ ಒಂದು ಸಾಧನದಲ್ಲಿ ಟೈಪ್ ಮಾಡಿ, ಟೋಲ್ಕಿನ್ನರೇ ರೂಪಿಸಿದ ತೆಂಗ್ವಾರ್ ಲಿಪಿಯಲ್ಲಿ ಬಂದದ್ದನ್ನು ವರ್ಡ್ ಫೈಲ್‌ನಲ್ಲಿ ಉಳಿಸಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಕೆತ್ತನೆ ಅಂಗಡಿಯವರು ತೆರೆದರೆ 5, #, 6 ಇಂಥವೇ ಕಾಣುತ್ತಿವೆಯಂತೆ.

ಇನ್ನೊಂದು ತೊಂದರೆಯೂ ಇದೆ. ಲಿಪಿ ಬಲ್ಲ ಗೆಳತಿಗೆ ಚಿತ್ರ ಕಳಿಸಿದೆ. ಅವಳು ಅದನ್ನು ‘ನರ’, ‘ಸಿಲಿ’ ಅಂತ ಓದಿದಳು. ಮರ ಕೊರೆದ ಮೇಲೆ ತಿದ್ದೋಕೆ ಆಗಲ್ಲ, ಹಾಗಾಗಿ ಈಗಲೇ ಕೇಳುತ್ತಿದ್ದೇನೆ.

ಅಚ್ಚುಮೊಳೆ:
ಅಂಗಡಿಯ ತೊಂದರೆ ಸುಲಭ. ಹಳೇ ನುಡಿ, ಬರಹ ಫಾಂಟ್‌ನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಚಿತ್ರವಿಚಿತ್ರ ಅಕ್ಷರ ಬರುತ್ತಿದ್ದವಲ್ಲ, ಇದೂ ಅದೇ. ಎಲ್ಲ ಕಂಪ್ಯೂಟರ್‌ಗಳೂ ಬಳಸುವ ಅಕ್ಷರಗಳ ಪಟ್ಟಿ ಯೂನಿಕೋಡ್, ಅದರಲ್ಲಿ ತೆಂಗ್ವಾರ್‌ಗೆ ಇನ್ನೂ ಜಾಗ ಸಿಕ್ಕಿಲ್ಲ. ಲಿಪಿತಜ್ಞ ಮೈಕೆಲ್ ಎವರ್ಸನ್ 1997ರಲ್ಲೇ ಪ್ರಸ್ತಾವ ಕೊಟ್ಟಿದ್ದರು. ಹಾಗಾಗಿ ತೆಂಗ್ವಾರ್ ಅನ್ನತರ್‌ನಂಥ ಫಾಂಟ್‌ಗಳು ಇಂಗ್ಲಿಷ್ ಕೀಲಿಗಳ ಮೇಲೆಯೇ ಅಕ್ಷರ ಕೂರಿಸಿವೆ. ಅಂಗಡಿಯಲ್ಲಿ ಕಂಡ 5 ಅಂದರೆ ‘ನ್’ ಅಕ್ಷರ ‘ನೂಮೆನ್’, 6 ಅಂದರೆ ‘ರ್’ ಅಕ್ಷರ ‘ಓರೆ’, # ಅಂದರೆ ‘ಅ’ ಸ್ವರದ ಚಿಹ್ನೆ. ತೆಂಗ್ವಾರ್ ತೆಲ್ಕೊಂತರ್ ಥರದ ಫಾಂಟ್‌ಗಳು ಯೂನಿಕೋಡ್‌ನಲ್ಲಿ ಖಾಸಗಿ ಬಳಕೆಗೆ ಬಿಟ್ಟ ಜಾಗವನ್ನು ಬಳಸುತ್ತವೆ. ಅಲ್ಲೂ ಫಾಂಟ್ ಇಲ್ಲದಿದ್ದರೆ ಖಾಲಿ ಚೌಕ ಬರುತ್ತದೆ ಅಷ್ಟೆ.

ಅಂಗಡಿಗೆ ವರ್ಡ್ ಫೈಲ್ ಕೊಡಲೇಬೇಡಿ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಪದ ಬರೆದು, ಆಯ್ಕೆ ಮಾಡಿ, ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ. ಅಕ್ಷರ ಹೋಗಿ ಬರೀ ಗೆರೆ ಉಳಿಯುತ್ತದೆ. ಅದನ್ನು ಎಸ್‌ವಿಜಿ ಅನ್ನೋ ಚಿತ್ರದ ಫೈಲ್ ಆಗಿ ಉಳಿಸಿ ಕೊಡಿ. ಫಾಂಟ್ ಯಾರ ಹತ್ತಿರ ಇಲ್ಲದಿದ್ದರೂ ನಡೆಯುತ್ತದೆ.

ಕಾಗುಣಿತಪ್ರಿಯ:
ನಿಮ್ಮ ಗೆಳತಿ ಸರಿಯಾಗಿಯೇ ಓದಿದ್ದಾರೆ. ಸಾಧನದಲ್ಲಿ ಎಲ್ಫ್‌ಗಳ ಇನ್ನೊಂದು ಭಾಷೆ ‘ಸಿಂದಾರಿನ್’ನ ಪದ್ಧತಿ ಆಯ್ಕೆಯಾಗಿದೆ, ನಿಮ್ಮ ಪದ ಕ್ವೆನ್ಯದ್ದು. ತೆಂಗ್ವಾರ್ ಬರೀ ಲಿಪಿ, ಭಾಷೆ ಅಲ್ಲ. ಒಂದೊಂದು ಭಾಷೆಗೂ ಅದನ್ನು ಬರೆಯುವ ಕ್ರಮ ಬೇರೆ.

ಎರಡರಲ್ಲೂ ಸ್ವರ ಅನ್ನೋದು ವ್ಯಂಜನದ ತಲೆಯ ಮೇಲಿನ ಚಿಹ್ನೆ. ‘ಅ’ಗೆ ಮೂರು ಚುಕ್ಕೆ, ‘ಇ’ಗೆ ಒಂದು ಚುಕ್ಕೆ. ಆದರೆ ಯಾವ ವ್ಯಂಜನದ ತಲೆ? ಕ್ವೆನ್ಯದಲ್ಲಿ ಹೆಚ್ಚಿನ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ಚಿಹ್ನೆ ಹಿಂದಿನ ವ್ಯಂಜನದ ಮೇಲೆ ಕೂರುತ್ತದೆ, ಥೇಟ್ ನಮ್ಮ ಕಾಗುಣಿತದ ಹಾಗೆ. ಸಿಂದಾರಿನ್‌ನಲ್ಲಿ ಹೆಚ್ಚಿನ ಪದಗಳು ವ್ಯಂಜನದಲ್ಲಿ ಮುಗಿಯುತ್ತವೆ. ಅಲ್ಲಿ ಚಿಹ್ನೆ ಮುಂದಿನ ವ್ಯಂಜನದ ಮೇಲೆ ಹೋಗುತ್ತದೆ. ಟೋಲ್ಕಿನ್ ‘ಲಾರ್ಡ್ ಆಫ್ ದಿ ರಿಂಗ್ಸ್’ಗೆ 1955ರಲ್ಲಿ ಅಚ್ಚಾದ ಅನುಬಂಧದಲ್ಲಿ ಈ ಕಾರಣವನ್ನೇ ಕೊಟ್ಟಿದ್ದಾರೆ.

ಈಗ ನಿಮ್ಮ ಪದ ನೋಡಿ. ಸಿಂದಾರಿನ್ ಪದ್ಧತಿಯಲ್ಲಿ ‘ಅನರ್’ ಅಂದರೆ ನೂಮೆನ್ ಮೇಲೆ ಮೂರು ಚುಕ್ಕೆ, ಓರೆ ಮೇಲೆ ಮೂರು ಚುಕ್ಕೆ. ಅದನ್ನೇ ಕ್ವೆನ್ಯ ಬಲ್ಲವರು ಓದಿದರೆ ‘ನರ’. ‘ಇಸಿಲ್’ ಹೀಗೆಯೇ ‘ಸಿಲಿ’ ಆಗುತ್ತದೆ.

ಕ್ವೆನ್ಯ ಪದ್ಧತಿ ಆರಿಸಿ ಮತ್ತೆ ಬರೆಸಿ. ಮೊದಲಿಗೆ ಚಿಕ್ಕ ನೆಟ್ಟಗಿನ ಗೆರೆ ಬರಬೇಕು, ಅದರ ಮೇಲೆ ಮೂರು ಚುಕ್ಕೆ. ಪದದ ಶುರುವಿನ ಸ್ವರಕ್ಕೆ ಕೂರಲು ವ್ಯಂಜನ ಇಲ್ಲವಲ್ಲ, ಅದಕ್ಕೇ ಈ ಗೆರೆ. ಆಮೇಲೆ ನೂಮೆನ್, ಅದು ಇಂಗ್ಲಿಷಿನ ‘ಎಂ’ ಸಣ್ಣಕ್ಷರದಂತೆ ಕಾಣುತ್ತದೆ, ತಲೆ ಮೇಲೆ ಮೂರು ಚುಕ್ಕೆ. ಕೊನೆಗೆ ಓರೆ, ‘ಎನ್’ ಸಣ್ಣಕ್ಷರದಂತೆ, ಬೋಳಾಗಿ. ಕೊನೆಯ ಅಕ್ಷರದ ಮೇಲೆ ಚುಕ್ಕೆ ಇದ್ದರೆ ಪದ್ಧತಿ ಇನ್ನೂ ಬದಲಾಗಿಲ್ಲ ಅಂತ ತಿಳಿಯಿರಿ.

ಅಚ್ಚುಮೊಳೆ:
ಹಾಗಿದ್ದರೆ ಚುಕ್ಕೆಗಳನ್ನೇ ಬಿಟ್ಟುಬಿಡಬಹುದಲ್ವಾ? ಕ್ವೆನ್ಯದಲ್ಲಿ ‘ಅ’ ತುಂಬಾ ಜಾಸ್ತಿ, ಅದರ ಚಿಹ್ನೆಯನ್ನು ಎಷ್ಟೋ ಸಲ ಬರೆಯುತ್ತಿರಲಿಲ್ಲ ಅಂತ ಅದೇ ಅನುಬಂಧದಲ್ಲಿದೆ. ಕೆತ್ತುವವರಿಗೂ ಹಗುರ.

ಕಾಗುಣಿತಪ್ರಿಯ:
ನಿಜ, ನಮ್ಮ ‘ಕ’ದೊಳಗೆ ‘ಅ’ ಇರುವ ಹಾಗೆಯೇ. ನನಗೆ ಆ ಬರಹ ತುಂಬಾ ಇಷ್ಟ. ಆದರೂ ಇಲ್ಲಿ ಬೇಡ. ಚುಕ್ಕೆ ಬಿಟ್ಟರೆ ‘ನ್ರ್’ ಉಳಿಯುತ್ತದೆ. ಮುಂದೆ ಮಕ್ಕಳು ಲಿಪಿ ಕಲಿತಾಗ ತಮ್ಮ ಹಲಗೆಯನ್ನು ತಾವೇ ಕೂಡಿಸಿ ಓದುವಂತಿರಲಿ.

ಹಳೇಸೊಲ್ಲು:
‘ಇಸಿಲ್’ ಬಗ್ಗೆ ಒಂದು ಮಾತು. ಕ್ವೆನ್ಯದಲ್ಲಿ ಈ ‘ಸ’ ಮೊದಲು ‘ಥ’ದಂಥ ಉಸಿರಿನ ದನಿ ಆಗಿತ್ತು. ಸಿಂದಾರಿನ್‌ನಲ್ಲಿ ಚಂದ್ರನಿಗೆ ಇವತ್ತಿಗೂ ‘ಇಥಿಲ್’. ಅದಕ್ಕೇ ಇಲ್ಲಿ ‘ಸ್’ಗೆ ಮಾಮೂಲಿ ಅಕ್ಷರ ‘ಸಿಲ್ಮೆ’ ಬದಲು ‘ಸೂಲೆ’ ಅಕ್ಷರ ಬಳಸುವುದು ಚೆಂದ. ಆ ಅಕ್ಷರದ ಹಳೇ ಹೆಸರೇ ‘ಥೂಲೆ’. ಓದೋದು ‘ಇಸಿಲ್’ ಅಂತಲೇ. ಸಾಧನಕ್ಕೆ ಪದದ ಹಿಂದಿನ ರೂಪ ಗೊತ್ತಿರಲ್ಲ, ಸುಮ್ನೆ ಸಿಲ್ಮೆ ಹಾಕಿಬಿಡುತ್ತದೆ. ಅದು ತಪ್ಪಲ್ಲ. ಆದರೆ ಮರದಲ್ಲಿ ಉಳಿಯುವಂಥದ್ದು, ನಾನಾದರೆ ಸೂಲೆಯನ್ನೇ ಕೆತ್ತಿಸುತ್ತೇನೆ.

ಬೆಳ್ದಿಂಗಳು:
ಕ್ವೆನ್ಯ ಪದ್ಧತಿ ಆರಿಸಿದೆ. ಗೆರೆ ಬಂತು, ಕೊನೆಯ ಅಕ್ಷರ ಬೋಳಾಯಿತು. ಗೆಳತಿ ‘ಅನರ್’ ಅಂತ ಓದಿದಳು! ಇಸಿಲ್‌ಗೆ ಸೂಲೆಯನ್ನೇ ಹಾಕುತ್ತೇನೆ, ಆ ಹಳೇ ದನಿ ಮನಸ್ಸಿಗೆ ಹಿಡಿಸಿತು. ಎಸ್‌ವಿಜಿ ಫೈಲ್ ಅಂಗಡಿಯಲ್ಲೂ ಸರಿಯಾಗಿ ತೆರೆಯಿತು. ಆದರೆ ಮೂರು ಚುಕ್ಕೆ ಒಂದಕ್ಕೊಂದು ಅಂಟಿಕೊಳ್ಳಬಹುದು ಅಂತ ಅವರು ಹೇಳುತ್ತಿದ್ದಾರೆ.

ಅಚ್ಚುಮೊಳೆ:
ಅವರ ಹತ್ತಿರ ಇರುವ ಅತಿ ಸಣ್ಣ ಕೊರೆಯುವ ಬಿಟ್ ಎಷ್ಟು ಅಗಲ ಅಂತ ಕೇಳಿ. ಎರಡು ಚುಕ್ಕೆಗಳ ನಡುವೆ ಅದಕ್ಕಿಂತ ಜಾಸ್ತಿ ಮರ ಉಳಿಯುವಷ್ಟು ಪದವನ್ನು ದೊಡ್ಡದು ಮಾಡಿ. ಹಲಗೆಯಲ್ಲಿ ಜಾಗ ಸಾಲದಿದ್ದರೆ ಚುಕ್ಕೆಗಳನ್ನಷ್ಟೇ ಇಂಕ್‌ಸ್ಕೇಪ್‌ನಲ್ಲಿ ಸ್ವಲ್ಪ ದೂರ ಸರಿಸಿ. ಈಗ ಅವು ಬರೀ ಗೆರೆಗಳು ತಾನೇ, ಧೈರ್ಯವಾಗಿ ಎಳೆಯಿರಿ. ಮೊದಲು ಬೇಡದ ಮರದ ತುಂಡಿನ ಮೇಲೆ ಒಂದು ಅಕ್ಷರ ಕೊರೆಸಿ ನೋಡಿ.