ಶ್ರುತಿ ಏರಿಸಿದರೂ ಫೋನಿನಲ್ಲಿ ‘ಸರ್’ ಎನ್ನುತ್ತಾರೆ: ಧ್ವನಿ ತರಬೇತಿಯಲ್ಲಿ ಎಲ್ಲಿ ತಪ್ಪುತ್ತಿದ್ದೇನೆ?

ನಾಲೆದಂಡೆ (ಮಂಡ್ಯ):
ಎಲ್ಲರಿಗೂ ನಮಸ್ಕಾರ. ನಾನೊಬ್ಬ ಟ್ರಾನ್ಸ್ ಮಹಿಳೆ. ಹಾರ್ಮೋನ್ ಚಿಕಿತ್ಸೆ ಆರಂಭಿಸಿ ಎರಡು ವರ್ಷವಾಯಿತು. ಚರ್ಮ, ಮುಖದ ಚಹರೆ ಬದಲಾದರೂ ಧ್ವನಿ ಮಾತ್ರ ಹಾಗೆಯೇ ಉಳಿದಿದೆ. ಮೂರು ತಿಂಗಳಿಂದ ಮೊಬೈಲ್ ಆ್ಯಪ್ ನೋಡಿಕೊಂಡು ಶ್ರುತಿ (ಪಿಚ್) ಏರಿಸಿ ಮಾತನಾಡುತ್ತಿದ್ದೇನೆ, 200 ಹರ್ಟ್ಸ್ ಮುಟ್ಟುತ್ತದೆ. ಆದರೂ ನಾನು ಲೆಕ್ಕ ಬರೆಯುವ ಬಟ್ಟೆ ಅಂಗಡಿಗೆ ಕರೆ ಮಾಡುವವರು ‘ಹೇಳಿ ಸರ್’ ಎಂದೇ ಮಾತು ತೊಡಗುತ್ತಾರೆ. ‘ನಾನು ಬಂದೆ’ ಎಂದಾಗ ಹೇಳಿದವರು ಹೆಣ್ಣೋ ಗಂಡೋ ಎಂಬುದು ಕನ್ನಡದ ಕ್ರಿಯಾಪದದಿಂದ ತಿಳಿಯುವುದಿಲ್ಲವಾದ್ದರಿಂದ, ಮುಖ ಕಾಣದವರಿಗೆ ನನ್ನ ಧ್ವನಿಯೊಂದೇ ಗುರುತು. ಸಂಜೆಯ ಹೊತ್ತಿಗೆ ಗಂಟಲು ಉರಿಯುತ್ತದೆ. ಧ್ವನಿಯ ಶಸ್ತ್ರಚಿಕಿತ್ಸೆಯೊಂದೇ ದಾರಿಯೇ?

ವಾಕ್ ಚಿಕಿತ್ಸಕಿ (ಮೈಸೂರು):
ಗಂಟಲು ಉರಿಯುವಂತಹ ಅಭ್ಯಾಸವನ್ನು ದಯವಿಟ್ಟು ಇಂದೇ ನಿಲ್ಲಿಸಿ. ಹರೆಯದಲ್ಲಿ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್‌ನಿಂದ ದಪ್ಪವಾದ ಧ್ವನಿತಂತುಗಳು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನಿಂದ ತೆಳುವಾಗುವುದಿಲ್ಲ. ಆದ್ದರಿಂದ ನಿಮ್ಮ ಚಿಕಿತ್ಸೆಯಲ್ಲಿ ಲೋಪವಾಗಿಲ್ಲ. ನೀವು ಶ್ರುತಿಯೊಂದನ್ನೇ ಹಿಡಿದಿರುವುದು ತೊಡಕು. ಪಿಸುಮಾತಿನಲ್ಲಿ ಶ್ರುತಿಯೇ ಇರುವುದಿಲ್ಲ, ಆದರೂ ಪಿಸುಗುಟ್ಟಿದವರು ಹೆಂಗಸೋ ಗಂಡಸೋ ಎಂದು ಬಹುಮಟ್ಟಿಗೆ ಗುರುತಿಸುತ್ತೇವಲ್ಲವೇ? ಗಂಟಲು, ಬಾಯಿಗಳ ಆಕಾರದಿಂದ ಹುಟ್ಟುವ ಅನುರಣನವೇ ಅದಕ್ಕೆ ಕಾರಣ. ‘ನೀರು’, ‘ಮೀನು’, ‘ಬೀದಿ’ ಎನ್ನುವಾಗ ನಾಲಗೆ ಮುಂದಕ್ಕೆ ಬಂದು ತುಟಿಗಳು ಅಗಲವಾಗುತ್ತವೆ. ಆ ಹಗುರವಾದ ನಾದವನ್ನು ಬಿಡದೆ ‘ಹಾಲು’, ‘ದಾರಿ’ಗಳಿಗೆ ಒಯ್ಯುವುದನ್ನು ಕಲಿಯಿರಿ. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಗುಳ್ಳೆ ಬರುವಂತೆ ನಾದ ಹೊರಡಿಸಿದರೆ ಧ್ವನಿತಂತುಗಳ ಮೇಲಿನ ಒತ್ತಡ ತಗ್ಗುತ್ತದೆ. ದಿನಕ್ಕೆ ಐದು ನಿಮಿಷದಂತೆ ನಾಲ್ಕೈದು ಬಾರಿ ಸಾಕು. ಶಸ್ತ್ರಚಿಕಿತ್ಸೆ ಶ್ರುತಿಯನ್ನು ಏರಿಸಬಲ್ಲದು, ಅನುರಣನವನ್ನು ಬದಲಿಸದು. ಮಾಡಿಸಿಕೊಂಡವರಿಗೂ ತರಬೇತಿ ಬೇಕಾಗುತ್ತದೆ. ಮೊದಲು ಕಿವಿ-ಮೂಗು-ಗಂಟಲು ತಜ್ಞರಿಂದ ಧ್ವನಿತಂತುಗಳನ್ನು ಪರೀಕ್ಷೆ ಮಾಡಿಸಿ. 1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ದೂರವಲ್ಲ.

ಸಂಪಿಗೆ (ಮೈಸೂರು):
ಅಕ್ಕಾ, ನಾನೂ ಈ ದಾರಿಯಲ್ಲಿ ನಡೆದವಳು. ಮನೆಯಲ್ಲಿ ಸರಿಯಾಗಿದ್ದ ಧ್ವನಿ ದೇವರಾಜ ಮಾರುಕಟ್ಟೆಯ ಗದ್ದಲದಲ್ಲಿ ಹೂವಿನ ಬೆಲೆ ಕೇಳುವಷ್ಟರಲ್ಲಿ ಹಳೆಯ ಜಾಗಕ್ಕೆ ಜಾರಿಬಿಡುತ್ತಿತ್ತು. ಜೋರಾಗಿ ಮಾತನಾಡುವುದು, ನಗುವುದು, ಕೆಮ್ಮುವುದು ಇವನ್ನೂ ಬೇರೆಯಾಗಿಯೇ ಅಭ್ಯಾಸ ಮಾಡಬೇಕಾಯಿತು. ಒಂದು ವರ್ಷ ಹಿಡಿಯಿತು. ಇನ್ನೊಂದು ಮಾತು: ನಾನು ಮೊದಲು ಹೋದ ಕಡೆ ಎಲ್ಲರ ಮುಂದೆ ಹಳೆಯ ಹೆಸರು ಕೂಗಿದರು, ಅಲ್ಲಿಗೆ ಮತ್ತೆ ಕಾಲಿಡಲು ನನ್ನಿಂದಾಗಲಿಲ್ಲ. ಚೀಟಿ ಬರೆಸುವಾಗಲೇ ಯಾವ ಹೆಸರಿನಿಂದ ಕರೆಯಬೇಕೆಂದು ಹೇಳಿಬಿಡಿ.

ನಾಲೆದಂಡೆ (ಮಂಡ್ಯ):
ಇಬ್ಬರಿಗೂ ಕೃತಜ್ಞತೆಗಳು. ತಂಗಿಯನ್ನು ಬಾಗಿಲಾಚೆ ನಿಲ್ಲಿಸಿ ಆ ಪದಗಳನ್ನು ಹೇಳಿದೆ. ‘ಮೀನು’ವಿನಲ್ಲಿ ಅಕ್ಕನೇ ಕೇಳಿಸುತ್ತಾಳೆ, ‘ದಾರಿ’ಗೆ ಬಂದೊಡನೆ ಕಳೆದುಹೋಗುತ್ತಾಳೆ ಎಂದಳು. ಸೋಮವಾರ ಬೆಳಗಿನ ರೈಲಿಗೆ ಮೈಸೂರಿಗೆ ಹೊರಡುತ್ತೇನೆ.