ಚವದಾರ್ ಕೆರೆ ಹತ್ತಿರ ನನ್ನ ಕವಿತೆ ಓದಬೇಕಾ, ಬೇಡ್ವಾ?

ಡೊಂಬಿವಲಿ ಲೋಕಲ್:

ನಾವು ಐದು ಜನ ಗೆಳೆಯರು. ತಿಂಗಳಿಗೊಂದು ಭಾನುವಾರ ಮಾಟುಂಗಾದಲ್ಲಿ ಸೇರುತ್ತೇವೆ. ಮೊದಲು ಇಡ್ಲಿ, ಕಾಫಿ. ಆಮೇಲೆ ಯಾರಾದರೂ ಒಂದು ಕವಿತೆ ಓದುತ್ತಾರೆ. ಅದು ಮುಗಿಯುವ ಮೊದಲೇ ಆ ವಾರದ ರಾಜಕೀಯದ ಮೇಲೆ ಜಗಳ ಶುರುವಾಗಿರುತ್ತದೆ. ವರ್ಷಕ್ಕೊಂದು ಪ್ರವಾಸವೂ ಉಂಟು. ಹೋದ ವರ್ಷ ಪುಣೆಯ ಫುಲೆ ವಾಡಾ. ಈ ಸಲ ಕೊಂಕಣದ ಮಹಾಡ್.

1927ರ ಮಾರ್ಚ್ 20ರಂದು ದಲಿತರಿಗೆ ಮುಟ್ಟಲೂ ಬಿಡದಿದ್ದ ಅಲ್ಲಿನ ಚವದಾರ್ ಕೆರೆಗೆ ಅಂಬೇಡ್ಕರ್ ಇಳಿದು ನೀರು ಕುಡಿದರು. ಹಿಂದೆ ಬಂದವರೂ ಕುಡಿದರು. ಯಾವ ಕಾನೂನನ್ನೂ ಮುರಿಯಲಿಲ್ಲ ನೋಡಿ. 1923ರಲ್ಲೇ ಎಸ್.ಕೆ. ಬೋಲೆ ತಂದ ನಿರ್ಣಯಕ್ಕೆ ಮುಂಬೈ ಶಾಸನಸಭೆ ಒಪ್ಪಿತ್ತು. ಸರ್ಕಾರಿ ದುಡ್ಡಿನ ಕೆರೆ, ಬಾವಿ ಎಲ್ಲರಿಗೂ ಅಂತ. ಮರುವರ್ಷ ಮಹಾಡ್ ಪುರಸಭೆಯೂ ಹೂಂ ಅಂದಿತ್ತು. ಎಲ್ಲ ಕಾಗದದ ಮೇಲೆ. ಆವತ್ತು ನೀರು ಕುಡಿದ ಮೇಲೆ, ಇವರು ಇನ್ನು ವೀರೇಶ್ವರ ಗುಡಿಗೂ ನುಗ್ಗುತ್ತಾರೆ ಅಂತ ಯಾರೋ ಸುದ್ದಿ ಹಬ್ಬಿಸಿದರು. ಊರಿಗೆ ಮರಳಲು ಹೊರಟಿದ್ದವರ ಮೇಲೆ ದೊಣ್ಣೆ ಬಿತ್ತು. ಆಮೇಲೆ 108 ಕೊಡ ಸೆಗಣಿ, ಗಂಜಲ, ಹಾಲು, ಮೊಸರು ಹಾಕಿ ಕೆರೆಯನ್ನು 'ಶುದ್ಧ' ಮಾಡಿದರಂತೆ! ಆ ನೀರನ್ನು ಆಮೇಲೆ ಯಾರು ಕುಡಿದರೋ.

ಇದನ್ನು ಓದಿದ ರಾತ್ರಿ ಒಂದು ಕವಿತೆ ಬರೆದೆ. ನಮ್ಮದು ಕುಂದಾಪುರದ ಕಡೆ ಊರು. ಬಾಳೆ ಬುಡದ ಹತ್ತಿರ ಬೇಲಿಗೂಟಕ್ಕೆ ಒಂದು ಗೆರಟೆ, ಅಂದ್ರೆ ತೆಂಗಿನ ಚಿಪ್ಪು, ಸಿಕ್ಕಿಸಿರುತ್ತಿತ್ತು. ಗದ್ದೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ತಾನೇ ಅದನ್ನು ತೆಗೆದು, ಒಳಗಿನ ಇರುವೆ ಕೊಡವಿ, ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅಮ್ಮ ಮೇಲಿಂದ ಚಾ ಹೊಯ್ಯುತ್ತಿದ್ದಳು. ಒಂದು ತೊಟ್ಟೂ ಹೊರಗೆ ಬೀಳುತ್ತಿರಲಿಲ್ಲ, ಅಷ್ಟು ಅಭ್ಯಾಸ. ಕುಡಿದಾದ ಮೇಲೆ ಅವಳೇ ತೊಳೆದು ಗೂಟಕ್ಕೆ ಸಿಕ್ಕಿಸುವಳು. ನನಗಾಗ ಎಂಟು ವರ್ಷ ಇರಬೇಕು.

ಗೂಟದಲ್ಲಿ ಒಂದು ಗೆರಟೆ
ಮಳೆ ಬಂದರೆ ತುಂಬುತ್ತಿತ್ತು
ಮಳೆಗೆ ಮಡಿ ಇರಲಿಲ್ಲ
ಅಮ್ಮನ ಕೈಗೆ ಇತ್ತು

ಹೀಗೆ ಹೋಗುತ್ತದೆ. ಇದನ್ನು ಕೆರೆಯ ಮೆಟ್ಟಿಲ ಮೇಲೆ ಓದಬೇಕು ಅಂತ ನನ್ನ ಆಸೆ. ಬ್ಯಾಂಕಿನಿಂದ ರಿಟೈರಾದ ಗೆಳೆಯ, "ಪ್ರವಾಸ ಅಂದ್ರೆ ಪ್ರವಾಸ ಮಾರಾಯ, ರಾಯಗಡ ಹತ್ತೋಣ, ಸೋಲ್‌ಕಡಿ ಕುಡಿಯೋಣ, ರಾಜಕೀಯ ಯಾಕೆ?" ಅಂದ. ಅವನ ಮಾತು ಬಿಡಿ. ಇನ್ನೊಬ್ಬಳು ಗೆಳತಿ, "ನಮ್ಮಂಥವರು ಅಲ್ಲಿ ನಿಂತು ಪಶ್ಚಾತ್ತಾಪ ಓದುವುದೂ ಒಂಥರಾ ಶೋಕಿ" ಅಂದಳು. ಅದು ಚುಚ್ಚಿತು. ಮೂರು ದಿನ ಆಯ್ತು, ಇನ್ನೂ ಚುಚ್ಚುತ್ತಿದೆ. ನೀವೇನಂತೀರಿ? ಹಾಗೇ, ಹೋಗುವುದು ಹೇಗೆ ಅಂತಲೂ ಹೇಳಿ.

ಪನ್ವೇಲ್ ಪ್ಯಾಸೆಂಜರ್:

ಕವಿತೆ ನನಗೆ ತಿಳಿಯಲ್ಲ, ದಾರಿ ಹೇಳುತ್ತೇನೆ. ನಿಮಗೆ ದಿವಾ ಪಕ್ಕದಲ್ಲೇ ಅಲ್ವಾ? ಅಲ್ಲಿಂದ ಬೆಳಿಗ್ಗೆ ಸಾವಂತವಾಡಿ ಪ್ಯಾಸೆಂಜರ್ ಹಿಡಿದು ವೀರ್ ಸ್ಟೇಷನ್‌ನಲ್ಲಿ ಇಳಿಯಿರಿ. ಮುಂದಕ್ಕೆ ರಿಕ್ಷಾ. ಕೆರೆ ಊರೊಳಗೇ ಇದೆ. ಎಸ್‌ಟಿ ಬಸ್ಸೂ ಇದೆ, ಆದರೆ ಮುಂಬೈ–ಗೋವಾ ಹೈವೇಯನ್ನು 2011ರಿಂದ ಅಗಲ ಮಾಡುತ್ತಲೇ ಇದ್ದಾರೆ. ಅದರ ಮೇಲೊಂದು ಕವಿತೆ ಬರೆಯಿರಿ, ನಾನೂ ಬಂದು ಕೇಳುತ್ತೇನೆ. ಮಾರ್ಚ್ 20ಕ್ಕೆ ಹೋದರೆ ಸಿಕ್ಕಾಪಟ್ಟೆ ಜನ. 2027ಕ್ಕೆ ನೂರು ವರ್ಷ ತುಂಬುತ್ತೆ, ಆವತ್ತಂತೂ ಕೇಳಲೇಬೇಡಿ.

ಪಿಂಪ್ರಿ ಸೆಕೆಂಡ್ ಶಿಫ್ಟ್:

ಅಣ್ಣಾ, ನಾನು ಕಲಬುರಗಿ ಕಡೆಯವನು. ನಿಮ್ಮಲ್ಲಿ ಗೆರಟೆ, ನಮ್ಮಲ್ಲಿ ಬೊಗಸೆ. ನಮ್ಮಜ್ಜಿ ಕೊನೆಗಾಲದಲ್ಲಿ ಸ್ಟೀಲ್ ಲೋಟ ಎದುರಿಗಿದ್ದರೂ ಒಮ್ಮೊಮ್ಮೆ ಬೊಗಸೆ ಒಡ್ಡುತ್ತಿದ್ದಳು. ಮರೆವು ಬಂದಿತ್ತು, ಕೈ ಮಾತ್ರ ಮರೆತಿರಲಿಲ್ಲ.

ನಿಮ್ಮ ಕವಿತೆಯಲ್ಲಿ ಗೂಟ ಇದೆ, ಮಳೆ ಇದೆ, ಅಮ್ಮ ಇದ್ದಾರೆ. ಬಾಳೆ ಬುಡ ಎಲ್ಲಿತ್ತು ಅನ್ನುವುದೂ ನಿಮಗೆ ನೆನಪಿದೆ. ಆ ಹೆಂಗಸಿಗೆ ಹೆಸರಿಲ್ವಾ? ಬೇಜಾರು ಮಾಡಿಕೊಳ್ಳಬೇಡಿ, ನಾನು ಮೊದಲು ಹುಡುಕಿದ್ದೇ ಅದನ್ನು.

ಮಾರ್ಚ್ 20ಕ್ಕೇ ಹೋಗಿ. ನಮ್ಮ ಶಿಫ್ಟಿನ ಏಳೆಂಟು ಜನ ರಜೆ ಹಾಕಿ ಹೋಗುತ್ತೇವೆ. ಅಳಲಿಕ್ಕಲ್ಲ, ಜಾತ್ರೆಗೆ ಹೋದ ಹಾಗೆ. ನೀಲಿ ಬಾವುಟ, ಭೀಮಗೀತೆ, ಪುಸ್ತಕದ ಅಂಗಡಿ. ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ.

ಶೋಕಿ ಅಂದ ಗೆಳತಿಗೂ ಒಂದು ಮಾತು. 1927ರ ಮಾರ್ಚ್ ಸಮ್ಮೇಳನಕ್ಕೆ ಓಡಾಡಿದವರಲ್ಲಿ ಆರ್.ಬಿ. ಮೋರೆ ಮುಖ್ಯ. ಆಮೇಲೆ ಕಮ್ಯುನಿಸ್ಟ್ ಆದವರು. ಅದೇ ಡಿಸೆಂಬರಿನಲ್ಲಿ ಮತ್ತೆ ಸೇರಲು ಊರಲ್ಲಿ ಯಾರೂ ಜಾಗ ಕೊಡಲಿಲ್ಲ. ಫತ್ತೇಖಾನ್ ಅನ್ನುವ ಮುಸ್ಲಿಮರು ತಮ್ಮ ಜಮೀನು ಕೊಟ್ಟರು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದು ಅಲ್ಲೇ. ಅದನ್ನು ಸುಡುವುದರಲ್ಲಿ ಮುಂದೆ ನಿಂತ ಸಹಸ್ರಬುದ್ಧೆ ಬ್ರಾಹ್ಮಣರು. ಹಾಗಾಗಿ ನಿಮ್ಮಂಥವರಿಗೂ ಅಲ್ಲಿ ಆವತ್ತಿನಿಂದಲೇ ಜಾಗ ಇದೆ. ಕವಿತೆಯನ್ನು ರೈಲಿನಲ್ಲಿ ಓದಿ. ಮೆಟ್ಟಿಲ ಮೇಲೆ ಸುಮ್ನೆ ಸ್ವಲ್ಪ ಹೊತ್ತು ಕೂತು ನೋಡಿ.

ಮಾಪುಸಾ ಮಳೆ:

ರಾಜಕೀಯ ಬೇಡ ಅಂದವರು ರಾಯಗಡ ಹತ್ತುತ್ತಾರಾ? 1674ರಲ್ಲಿ ಶಿವಾಜಿಗೆ ಪಟ್ಟ ಕಟ್ಟುವಾಗ ಅವನು ಕ್ಷತ್ರಿಯ ಹೌದೋ ಅಲ್ವೋ ಅಂತ ಜಗಳ ಆಗಿ, ಕಾಶಿಯಿಂದ ಗಾಗಾಭಟ್ಟ ಬರಬೇಕಾಯ್ತು. ಮೇಲೆ ಹತ್ತಿದ ಮೇಲೆ ಇದನ್ನು ಅವರ ಕಿವಿಗೆ ಹಾಕಿ, ಅರ್ಧ ದಾರಿಯಲ್ಲಿ ಹೇಳಿದರೆ ವಾಪಸ್ ಇಳಿದುಬಿಟ್ಟಾರು. ಸೋಲ್‌ಕಡಿ ವಿಷಯದಲ್ಲಿ ಮಾತ್ರ ನಾನು ಅವರ ಪಕ್ಷ.

ಡೊಂಬಿವಲಿ ಲೋಕಲ್:

ಪಿಂಪ್ರಿಯವರೇ, ನಿಮ್ಮದನ್ನು ಓದಿ ಊರಿಗೆ ಫೋನ್ ಮಾಡಿದೆ. ಅಣ್ಣನಿಗೆ ಹೆಸರು ನೆನಪಿಲ್ಲ. ಅತ್ತಿಗೆ ಒಂದು ಹೆಸರು ಹೇಳಿದರು. ಕೇಳಿದರೆ, ಅದು ನಮ್ಮ ಮನೆಯವರೇ ಇಟ್ಟ ಅಡ್ಡಹೆಸರು. ಅದನ್ನು ಕವಿತೆಗೆ ಹಾಕಲ್ಲ. ಅವರ ಮಗಳು ಉಡುಪಿಯಲ್ಲಿ ಇದ್ದಾರಂತೆ. ನಂಬರ್ ಕೇಳಿದ್ದೇನೆ. ಸಿಕ್ಕರೆ ಏನು ಹೇಳಿ ಮಾತು ಶುರುಮಾಡುವುದು ಅಂತ ಗೊತ್ತಾಗುತ್ತಿಲ್ಲ.

ಮಾರ್ಚ್ 20ಕ್ಕೇ ಹೊರಟಿದ್ದೇವೆ, ದಿವಾದಿಂದ. ಬ್ಯಾಂಕಿನವನೂ ಬರುತ್ತಾನೆ. ಕಿಟಕಿ ಸೀಟು ತನಗೇ ಬೇಕಂತೆ.