ಸ್ಟ್ರಾಟ್ ಟ್ರೆಮೊಲೋ ಬ್ರಿಡ್ಜ್‌ಗೆ ತುಕ್ಕು: ಪೂರ್ತಿ ಬಿಚ್ಚಿ ತೊಳೆಯುವುದು ಹೇಗೆ?

ಕಡಲತಡಿ
ಮಂಗಳೂರಿನ ಉಪ್ಪುಗಾಳಿಗೆ ನನ್ನ ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್ (ತಂತಿಗಳು ಕೂರುವ ಲೋಹದ ಭಾಗ) ಪೂರ್ತಿ ಮಂಕಾಗಿದೆ. ಸ್ಟ್ರಾಟ್ ಮಾದರಿ, ಮುಂದುಗಡೆ ಆರು ಸ್ಕ್ರೂ ಇರುವಂಥದ್ದು, ತಂತಿ 09-42 (ತೆಳುವಾದದ್ದು 0.009 ಇಂಚು, ದಪ್ಪದ್ದು 0.042 ಇಂಚು). ತೆಳುವಾದ ಎರಡು ತಂತಿಗಳ ಸ್ಯಾಡಲ್ (ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರುವ ತುಂಡು) ಸ್ಕ್ರೂ ಅಲ್ಲಾಡುತ್ತಿಲ್ಲ. ಆರ್ಮ್ (ಬ್ರಿಡ್ಜ್ ಹೊರಳಿಸುವ ಹಿಡಿ) ಒತ್ತಿ ಬಿಟ್ಟರೆ ಶ್ರುತಿ ಮೊದಲಿನ ಜಾಗಕ್ಕೆ ಬರೋದಿಲ್ಲ. ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಬಹುದಾ?

ಆರುತಂತಿ
ವಿನೆಗರ್ ಖಂಡಿತ ಬೇಡ. ತುಕ್ಕಿನ ಜೊತೆ ನಿಕಲ್ ಲೇಪವನ್ನೂ ಕೆಡಿಸುತ್ತದೆ. ಕಡಿಮೆ ಬೆಲೆಯ ಬ್ರಿಡ್ಜ್‌ಗಳ ಕೆಳಗಿನ ಬ್ಲಾಕ್ ಹೆಚ್ಚಾಗಿ ಸತುವಿನ ಮಿಶ್ರಲೋಹ. ಆಮ್ಲಕ್ಕೆ ಅದು ಕರಗುತ್ತದೆ. ಸೀಮೆಎಣ್ಣೆ ಸಾಕು.

ಬಿಚ್ಚುವ ಮೊದಲು ಮೇಲಿನಿಂದ ಒಂದು ಫೋಟೋ ತೆಗೆದು, ಪ್ರತಿ ಸ್ಯಾಡಲ್ ಎಲ್ಲಿದೆ ಅಂತ ಸ್ಕೇಲ್ ಇಟ್ಟು ಬರೆದುಕೊಳ್ಳಿ. ತಂತಿಗಳನ್ನು ಆರನ್ನೂ ಸ್ವಲ್ಪಸ್ವಲ್ಪವೇ ಸಡಿಲಿಸಿ ತೆಗೆಯಿರಿ. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್‌ಗಳನ್ನು ಬ್ಲಾಕ್ ಕಡೆಯಿಂದ ನೋಸ್ ಪ್ಲೈಯರ್‌ನಲ್ಲಿ ಬಿಡಿಸಿ. ಕನ್ನಡಕ ಹಾಕಿಕೊಳ್ಳಿ, ಸ್ಪ್ರಿಂಗ್ ಚಿಮ್ಮುತ್ತದೆ. ಸ್ಪ್ರಿಂಗ್ ಸಿಕ್ಕಿಸುವ ಲೋಹದ ಕ್ಲಾ ತೆಗೆಯಬೇಕಿಲ್ಲ, ಅದಕ್ಕೆ ಅರ್ತ್ ವೈರ್ ಬೆಸೆದಿರುತ್ತದೆ. ಆಮೇಲೆ ಮುಂದಿನ ಆರು ಸ್ಕ್ರೂ ಬಿಚ್ಚಿದರೆ ಬ್ರಿಡ್ಜ್ ಬ್ಲಾಕ್ ಸಮೇತ ಮೇಲೆ ಬರುತ್ತದೆ. ಬ್ರಿಡ್ಜಿನ ಮೇಲಿನ ಪ್ಲೇಟಿಗೆ ಬ್ಲಾಕ್ ಹಿಡಿದಿರುವುದು ಮೂರು ಸ್ಕ್ರೂ.

ಸ್ಯಾಡಲ್‌ಗಳನ್ನು ಬೆರೆಸಬೇಡಿ. ಮೊಟ್ಟೆ ಟ್ರೇಯ ಒಂದೊಂದು ಗುಳಿಗೆ ಒಂದೊಂದು ಸ್ಯಾಡಲ್, ಅದರದೇ ಸ್ಕ್ರೂ ಮತ್ತು ಸ್ಪ್ರಿಂಗ್ ಹಾಕಿಡಿ. ಅನೇಕ ಬ್ರಿಡ್ಜ್‌ಗಳಲ್ಲಿ ಎರಡು ಅಂಚಿನ ಸ್ಯಾಡಲ್‌ಗಳ ಎತ್ತರ ಹೊಂದಿಸುವ ಸ್ಕ್ರೂ ಗಿಡ್ಡ, ನಡುವಿನವು ಉದ್ದ. ಅದಲುಬದಲಾದರೆ ಉದ್ದದ್ದು ಅಂಚಿನಲ್ಲಿ ಮೇಲೆದ್ದು ಅಂಗೈಗೆ ಚುಚ್ಚುತ್ತದೆ.

ಸೀಮೆಎಣ್ಣೆಯಲ್ಲಿ ಒಂದೆರಡು ಗಂಟೆ ನೆನೆಸಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಸೋಪುನೀರಲ್ಲಿ ತೊಳೆದು ತಕ್ಷಣ ಒರೆಸಿ, ಪೂರ್ತಿ ಒಣಗಿಸಿ. ಸ್ಕ್ರೂ ಎಳೆಗಳಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದೇ ಹನಿ. ಸ್ಟೀಲ್ ಉಣ್ಣೆಯನ್ನು ಗಿಟಾರ್ ಹತ್ತಿರ ತರಲೇಬೇಡಿ. ಅದರ ಪುಡಿಯನ್ನು ಪಿಕಪ್ಪಿನ (ತಂತಿಯ ಕಂಪನ ಹಿಡಿಯುವ ಭಾಗ) ಅಯಸ್ಕಾಂತ ಎಳೆದುಕೊಂಡರೆ ಬಿಡಿಸುವುದು ಬಹಳ ಕಷ್ಟ.

ಹಿತ್ತಾಳೆಬ್ಲಾಕ್
ಸಿಕ್ಕಿಕೊಂಡ ಸ್ಯಾಡಲ್ ಸ್ಕ್ರೂ ಬಗ್ಗೆ ಇಷ್ಟು ಸೇರಿಸ್ತೀನಿ. ಮೊದಲು ಅಲೆನ್ ಕೀ ಅಳತೆ ಸರಿ ಇದೆಯಾ ನೋಡಿ. ಕೆಲವಕ್ಕೆ 1.5 ಮಿ.ಮೀ., ಕೆಲವಕ್ಕೆ 0.050 ಇಂಚು, ಅಂದ್ರೆ 1.27 ಮಿ.ಮೀ. 1.5ರ ತೂತಿಗೆ 1.27ರ ಕೀ ಹಾಕಿ ತಿರುಗಿಸಿದರೆ ಆರು ಮೂಲೆಯೂ ಸವೆದು ದುಂಡಗಾಗುತ್ತೆ, ಆಮೇಲೆ ಯಾವ ಕೀಯೂ ಹಿಡಿಯಲ್ಲ. ಸ್ಯಾಡಲ್ ಬೇರೆ ಮಾಡಿ, ತುಕ್ಕು ಬಿಡಿಸೋ ಎಣ್ಣೆ ಹನಿಸಿ ಒಂದು ರಾತ್ರಿ ಬಿಡಿ. ಆದರೂ ಬರದಿದ್ರೆ ಎಣ್ಣೆ ಚೆನ್ನಾಗಿ ಒರೆಸಿ, ಸೋಲ್ಡರಿಂಗ್ ಐರನ್ ತುದಿಯನ್ನ ಸ್ಕ್ರೂ ತಲೆ ಮೇಲೆ ಅರ್ಧ ನಿಮಿಷ ಇಟ್ಟು ಕಾಯಿಸಿ, ತಣಿದ ಮೇಲೆ ಹಿಂದೆ ಮುಂದೆ ಸ್ವಲ್ಪಸ್ವಲ್ಪವೇ ಅಲ್ಲಾಡಿಸಿ. ಒಂದೇ ದಿಕ್ಕಿಗೆ ಬಲ ಹಾಕಬೇಡಿ.

ಶ್ರುತಿ ವಿಷಯ ಬೇರೆಯೇ ಇರಬಹುದು. ಆರ್ಮ್ ಒತ್ತಿ ಬಿಟ್ಟ ಮೇಲೆ ಒಂದೇ ತಂತಿ ಏರಿದ್ರೆ ಮೊದಲು ನಟ್ (ಗಿಟಾರಿನ ತಲೆ ಕಡೆ ತಂತಿಗಳು ಹಾಯುವ ಸೀಳುಪಟ್ಟಿ) ನೋಡಿ, ಅಲ್ಲಿ ತಂತಿ ಹಿಡೀತಿರುತ್ತೆ. ಅದರ ಸೀಳಿಗೆ ಪೆನ್ಸಿಲ್ ಮೊನೆ ಉಜ್ಜಿ. ಆರೂ ಒಟ್ಟಿಗೆ ಬದಲಾದ್ರೆ ಬ್ರಿಡ್ಜ್ ಕಡೆ ನೋಡಿ.

ಕಡಲತಡಿ
ಧನ್ಯವಾದ. ನನ್ನದು ಆರೂ ಒಟ್ಟಿಗೆ ಬದಲಾಗುತ್ತೆ. ವಾಪಸ್ ಕೂರಿಸುವಾಗ ಮುಂದಿನ ಆರು ಸ್ಕ್ರೂ ಎಷ್ಟು ಬಿಗಿ ಇರಬೇಕು?

ಆರುತಂತಿ
ಹಾಗಾದರೆ ತೊಂದರೆ ಬಹುತೇಕ ಅಲ್ಲೇ. ಅವು ಬಿಗಿಯಾಗಿದ್ದರೆ ಪ್ಲೇಟ್ ಹೊರಳಲು ಜಾಗವಿಲ್ಲದೆ ಸ್ಕ್ರೂ ತಲೆಗೆ ಉಜ್ಜಿ ಅರ್ಧದಲ್ಲೇ ನಿಲ್ಲುತ್ತದೆ. ತಂತಿ, ಸ್ಪ್ರಿಂಗ್ ಯಾವುದೂ ಇಲ್ಲದಾಗ ಆರನ್ನೂ ಒಳಗೆ ತಿರುಗಿಸುತ್ತ ಬನ್ನಿ. ಪ್ಲೇಟಿನ ಹಿಂಭಾಗ ಸ್ವಲ್ಪ ಏಳಲು ಶುರುವಾದ ಕೂಡಲೇ ನಿಲ್ಲಿಸಿ, ಪ್ಲೇಟ್ ಮತ್ತೆ ಸಪಾಟಾಗಿ ಕೂರುವಷ್ಟು ಹಿಂದಕ್ಕೆ ಬಿಚ್ಚಿ. ನಡುವಿನ ನಾಲ್ಕನ್ನು ಇನ್ನರ್ಧ ಸುತ್ತು ಮೇಲಕ್ಕೆ ಬಿಟ್ಟರೆ ಹೊರಳುವ ಭಾರವೆಲ್ಲ ಅಂಚಿನ ಎರಡರ ಮೇಲೆ ನಿಂತು ಘರ್ಷಣೆ ಕಡಿಮೆಯಾಗುತ್ತದೆ. ಮರದ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿ ಸೀಳಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಂದು ದಿನ ಒಣಗಲಿ.

09-42ಕ್ಕೆ ಮೂರು ಸ್ಪ್ರಿಂಗ್ ಸಾಕು. ಶ್ರುತಿ ಮಾಡಿ, ಕ್ಲಾದ ಎರಡು ಸ್ಕ್ರೂಗಳನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ. ಪ್ಲೇಟಿನ ಹಿಂಭಾಗಕ್ಕೂ ಗಿಟಾರಿನ ಮೈಗೂ ನಡುವಿನ ಸಂದು 3.2 ಮಿ.ಮೀ. ಬರುವವರೆಗೆ ಹೀಗೇ ಹೋಗಬೇಕು. ಬೇಸರವಾದರೂ ಅಡ್ಡದಾರಿ ಇಲ್ಲ. ಆಮೇಲೆ 17ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ತಂತಿ ಎತ್ತರ 1.6 ಮಿ.ಮೀ. ಇಡಿ.

ಹಿತ್ತಾಳೆಬ್ಲಾಕ್
ಸ್ಯಾಡಲ್ ಹಿಂದೆ ಮುಂದೆ ಸರಿಸೋದು ಎಲ್ಲಕ್ಕಿಂತ ಕೊನೆಗೆ, ಹೊಸ ತಂತಿ ಹಾಕಿದ ಮೇಲೆ. 12ನೇ ಫ್ರೆಟ್ ಒತ್ತಿದಾಗಿನ ಸ್ವರ ಅಲ್ಲಿ ಬರೀ ಬೆರಳು ಮುಟ್ಟಿಸಿ ಮೀಟಿದಾಗ ಬರೋ ಹಾರ್ಮೋನಿಕ್‌ಗಿಂತ ಏರಿದ್ರೆ ಸ್ಯಾಡಲ್ ನಟ್‌ನಿಂದ ದೂರಕ್ಕೆ, ಇಳಿದಿದ್ರೆ ಹತ್ತಿರಕ್ಕೆ. ಸರಿಸುವ ಮೊದಲು ತಂತಿ ಸ್ವಲ್ಪ ಸಡಿಲಿಸಿ, ಇಲ್ಲಾಂದ್ರೆ ಸ್ಕ್ರೂ ತಲೆ ಹಾಳಾಗುತ್ತೆ.